ಅತ್ತೆಯ ಎಡಗೈ

ನನ್ನ ಸೋದರತ್ತೆಯ ಎಡ ಅಂಗೈಯ ಗೆರೆಗಳಲ್ಲಿ ವಿಭೂತಿ ಸದಾ ಬೆಳ್ಳಗೆ ಕೂತಿರುತ್ತಿತ್ತು. ಬೆಳಿಗ್ಗೆ ಇಷ್ಟಲಿಂಗವನ್ನು ಆ ಅಂಗೈಯಲ್ಲಿಟ್ಟು, ಕಣ್ಣಿನ ನೇರಕ್ಕೆ ಎತ್ತಿ ಹಿಡಿದು ಪೂಜಿಸುವ ತನಕ ಅವಳ ಗಂಟಲಿಗೆ ಒಂದು ತೊಟ್ಟು ನೀರೂ ಇಳಿಯುತ್ತಿರಲಿಲ್ಲ. ಅವಳ ಊರು ಹಚ್ಚೊಳ್ಳಿಯಲ್ಲಿ ಅವಳಷ್ಟು ಹಟಮಾರಿ ಇನ್ನೊಬ್ಬಳಿರಲಿಲ್ಲ ಎಂದು ಈಗಲೂ ಹೇಳುತ್ತೇನೆ.

ಹಿಂದೊಮ್ಮೆ ಬಂಡಿಯಿಂದ ಬಿದ್ದು ಎಡಭುಜದ ಕೀಲು ಚೂರಾದಾಗ ಮದ್ರಾಸಿನಲ್ಲಿ ಕೀಲಿನ ಬದಲು ಸಲಾಕೆಯಿರುವ ಲೋಹದ ಗುಂಡು ಹಾಕಿಸಿಕೊಂಡು ಬಂದಿದ್ದಳು. "ನನ್ನ ಭುಜದಾಗ ಮದ್ರಾಸ್ ಐತಿ, ಮೆಲ್ಲಕ ಮುಟ್ರಿ" ಎನ್ನುತ್ತಿದ್ದಳು. ಎಂಬತ್ತರ ದಶಕದ ಆರಂಭದಲ್ಲಿ ಕಾಲುವೆ ಮೆಟ್ಟಿಲಲ್ಲಿ ಜಾರಿದಳು. ಗುಂಡಿನ ಸಲಾಕೆ ತೋಳೆಲುಬಿನೊಳಗೆ ಮುಗಿಯುವಲ್ಲೇ ಎಲುಬು ಮುರಿಯಿತು. ಬಳ್ಳಾರಿಯ ಎಲುಬಿನ ಡಾಕ್ಟರು, "ಒಳಗ ಸಲಾಕಿ ಐತಿ, ಸ್ಕ್ರೂ ಹೊಡಿಯಾಕ ಜಾಗ ಇಲ್ಲ" ಎಂದು ಗೊಣಗಿ, ಎಲುಬಿನ ಹೊರಗೆ ಲೋಹದ ಪಟ್ಟಿ ಇಟ್ಟು ತಂತಿ ಸುತ್ತಿ ಬಿಗಿದರು. "ಎಲುಬು ಕೂಡೋತನಕ ಕೈ ಎತ್ತಬ್ಯಾಡ್ರಿ" ಎಂದು ಅವಳಿಗೂ ಹೇಳಿದರು, ನನಗೂ ಹೇಳಿದರು.

ಅಲ್ಲೇ ಬಳ್ಳಾರಿಯ ಸತ್ಯನಾರಾಯಣಪೇಟೆಯ ನಮ್ಮ ಮನೆಗೇ ಕರೆತಂದೆ. ಅಂದಿನಿಂದ ಜಗಳ.

"ಅತ್ತೀ, ಕೊರಳಿಗೆ ಕಟ್ಟಿದ ಬಟ್ಟ್ಯಾಗ ಕೈ ಇರ್ಲಿ. ಅಲ್ಲೇ ಲಿಂಗ ಹಿಡಕೊಂಡು ನೀನ ತಲಿ ಬಗ್ಗಿಸಿ ನೋಡು."

"ಲಿಂಗ ಬಾವ್ಯಾಗ ಬಿದ್ದೈತೇನು, ಬಗ್ಗಿ ನೋಡಾಕ? ಸುಮ್ನಿರು ತಮ್ಮಾ."

ಹಾಲು ತರಲು ಹೋಗಿ ಬರುವಷ್ಟರಲ್ಲಿ ಬಟ್ಟೆ ಬಿಚ್ಚಿ ಕೈ ಎತ್ತಿ ಕೂತಿದ್ದಳು. ಮುಖದಿಂದ ಬೆವರು ಇಳಿಯುತ್ತಿತ್ತು, ಕೈ ಮಾತ್ರ ಇಳಿದಿರಲಿಲ್ಲ. ತಂತಿ ಜಾರಿತ್ತು. ಮತ್ತೆ ಕೊಯ್ಯಬೇಕಾಯಿತು. "ನೀವು ಮನ್ಯಾಗಿದ್ದು ಏನ್ ಮಾಡಾಕತ್ತಿದ್ರಿ?" ಎಂದು ಡಾಕ್ಟರು ಬೈದದ್ದು ನನ್ನನ್ನು. ಅವಳಿಗೆ ಒಂದು ಮಾತಿಲ್ಲ! ನನಗೆ ಮೈಯೆಲ್ಲ ಉರಿಯಿತು.

"ದೇವರು ನಿನ್ನ ಕೈ ಕೇಳಿದ್ನೇನು?"

"ಕೇಳಿದ ಮ್ಯಾಲ ಕೊಟ್ರ ಅದು ಭಕ್ತಿ ಏನು?" ಎಂದು ಗೋಡೆ ಕಡೆ ಮುಖ ತಿರುಗಿಸಿದಳು.

ಎಲುಬೇನೋ ಕೂಡಿತು. ಆದರೆ ಕೈ ಎದೆಯಿಂದ ಮೇಲೇಳಲಿಲ್ಲ. ಕಡೆಗೂ ತಲೆ ಬಗ್ಗಿಸಿಯೇ ಪೂಜೆ ಮಾಡಿದಳು, ನಾನು ಮೊದಲ ದಿನ ಬಡಕೊಂಡಂತೆಯೇ. ಆ ಮಾತನ್ನು ಅವತ್ತೇ ಕೇಳಿದ್ದರೆ ಕೈ ಉಳಿಯುತ್ತಿತ್ತಲ್ಲ! ಬಗ್ಗಿದ ಆ ಕುತ್ತಿಗೆ ಕಂಡಾಗಲೆಲ್ಲ ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬರುತ್ತಿದ್ದವು.

ಅವಳು ತೀರಿಕೊಂಡಾಗ ನಮ್ಮ ಪದ್ಧತಿಯಂತೆ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟರು. ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು ಆ ಕೈಯನ್ನು ಕಣ್ಣಿನ ನೇರಕ್ಕೆ ತರಲು ನೋಡಿದರು.

"ಕೈ ಎತ್ತಬ್ಯಾಡ್ರಿ!" ಎಂದು ಕೂಗಿಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. ನಾನೇ ಮುಂದೆ ಹೋಗಿ ಅವಳ ತಲೆಯನ್ನು ಮೆಲ್ಲಗೆ ಬಗ್ಗಿಸಿದೆ.