ಜಟ್ಟಪ್ಪ ಮಾಡಿದ ಚಿಪ್ಪುಹಂದಿ

ಬಿಳಗಿಯ ಜಟ್ಟಪ್ಪ ನಾಯ್ಕ ಚೌತಿಯ ಗಣಪತಿ ಮಾಡುವವನು. ಮಳೆ ಹಿಡಿದ ಮೇಲೆ ಜೇಡಿಮಣ್ಣು ತುಳಿಯಲು ಶುರು ಮಾಡಿದರೆ ಹಬ್ಬದ ಹಿಂದಿನ ಸಂಜೆಯವರೆಗೂ ಅವನಿಗೆ ಊಟ ತಿಂಡಿಯ ನೆನಪಿರುತ್ತಿರಲಿಲ್ಲ. ಸೊಂಡಿಲು ತಿದ್ದಿದ್ದೇ ತಿದ್ದಿದ್ದು. ಕಿವಿಯಂಚಿಗೆ ಬಣ್ಣ ಎಳೆಯುವಾಗ ಯಾರಾದರೂ ಕೆಮ್ಮಿದರೂ ಬೈಗುಳ. ಅಷ್ಟೆಲ್ಲ ಮಾಡಿ ಕೊಟ್ಟದ್ದನ್ನು ಜನ ಪಟಾಕಿ ಹೊಡೆದು, ಜೈಕಾರ ಹಾಕಿ, ಕೆರೆಗೆ ಬಿಟ್ಟು ಬರುತ್ತಿದ್ದರು. ಬಿಡಬೇಕಾದ್ದೇ, ಶಾಸ್ತ್ರ. ಜಟ್ಟಪ್ಪನೇನು ದೇವರಿಲ್ಲ ಅನ್ನುವವನಲ್ಲ. ಆದರೂ ಆ ದಿನ ಅವನ ಮುಖ ನೋಡುವ ಹಾಗಿರುತ್ತಿರಲಿಲ್ಲ.

"ಇಷ್ಟು ವರ್ಷ ಮಾಡಿದ್ರಲ್ಲಿ ಒಂದಾದ್ರೂ ಉಳೀತನೇ? ಇದು ಜಟ್ಟಪ್ಪ ಮಾಡಿದ್ದು ಅಂತ ತೋರ್ಸೂಕೆ ಒಂದು ಬೆರಳಾದ್ರೂ ಐತಾ?" ಎಂದು ಹೆಂಡತಿ ನಾಗಿಯ ಮೇಲೆ ಹರಿಹಾಯುತ್ತಿದ್ದ.

"ನಾ ಉಳ್ದಿದೀನಲ, ಸಾಕು. ಊಟಕ್ಕೆ ಏಳಿ" ಎನ್ನುತ್ತಿದ್ದಳು ನಾಗಿ.

ಅಂಥವನ ಅಂಗಳಕ್ಕೆ ಎರಡು ಸಾವಿರದ ಮೂರನೇ ಇಸವಿಯ ಆರಂಭದಲ್ಲಿ ಸಂದೇಶ ಹೆಗಡೆ ಬಂದ. ಸಿದ್ದಾಪುರದ ಪೇಟೆಯಲ್ಲಿ ಮದುವೆ, ಮುಂಜಿಗಳ ವಿಡಿಯೋ ತೆಗೆಯುವ ತರುಣ. ಮದುಮಕ್ಕಳು ಅಕ್ಷತೆ ಹಾಕಿಸಿಕೊಳ್ಳುವುದನ್ನು ತೆಗೆದೂ ತೆಗೆದೂ ಬೇಸರ ಬಂದು, ಕೇಬಲ್ಲಿನಲ್ಲಿ ಹಾಕಲು ತಾನೇ ಒಂದು ಸಿನಿಮಾ ಮಾಡುವೆನೆಂದು ಹೊರಟಿದ್ದ. ಬಿಳಗಿಯ ಹಳೆಯ ಬಾವಿಯೊಳಗಿಂದ ಮನೆಯಷ್ಟು ದೊಡ್ಡ ಚಿಪ್ಪುಹಂದಿ ಎದ್ದು ಬಂದು ಊರು ಹಾಳುಮಾಡುವ ಕತೆ. ಆ ಮೃಗವನ್ನು ಜಟ್ಟಪ್ಪನೇ ಮಾಡಿಕೊಡಬೇಕಂತೆ.

"ಸಿನಿಮಾದಲ್ಲಿ ಬಂದದ್ದು ಹೋಗೂದಿಲ್ಲ ಅಲ್ದಾ ಹೆಗಡೇರೆ?" ಎಂದು ಜಟ್ಟಪ್ಪ ಕೇಳಿದ.

"ಎಲ್ಲಿಗೆ ಹೋಗ್ತದೆ ಮಾರಾಯ? ಸೀಡಿ ಮಾಡಿಟ್ರೆ ನಿನ್ನ ಮೊಮ್ಮಕ್ಕಳೂ ನೋಡ್ಬಹುದು."

ಆ ಒಂದು ಮಾತಿಗೆ ಜಟ್ಟಪ್ಪ ಬಿದ್ದುಬಿಟ್ಟ. ಬಿದಿರಿನ ದಬ್ಬೆ ಸೀಳಿ ಪಕ್ಕೆಲುಬು ಕಟ್ಟಿದ. ಅಡಿಕೆ ಹಾಳೆಗಳನ್ನು ನೀರಲ್ಲಿ ನೆನೆಹಾಕಿ, ನಾಗಿಯನ್ನು ಕೂರಿಸಿಕೊಂಡು ಚಿಪ್ಪು ಕತ್ತರಿಸಿದ. ಪ್ರಾಯದಲ್ಲಿ ಒಮ್ಮೆ ಗುಡ್ಡದಲ್ಲಿ ಕಂಡಿದ್ದ ಚಿಪ್ಪುಹಂದಿ ಅವನ ಕಣ್ಣಿಗೆ ಕಟ್ಟಿತ್ತು. ಚಿಪ್ಪಿನ ಮೇಲೆ ಚಿಪ್ಪು ಸ್ವಲ್ಪ ಓರೆಯಾಗಿ ಕೂರಬೇಕು, ಬೆನ್ನ ಮೇಲೆ ಅಗಲ, ಬಾಲಕ್ಕೆ ಬರುತ್ತಾ ಮೊನೆ. ತಪ್ಪಿದ ಸಾಲನ್ನು ಪೂರ್ತಿ ಕಿತ್ತು ಮತ್ತೆ ಹೊಲಿದ. ಮುಖವೋ, ಅಬ್ಬಬ್ಬಾ! ಉದ್ದ ಮೂತಿ, ನುಣ್ಣನೆಯ ಹಣೆ, ಒಳಗೆ ಕೂತವನು ಹಗ್ಗ ಎಳೆದರೆ ಮುಚ್ಚಿ ತೆರೆಯುವ ರೆಪ್ಪೆ. ನಾಗಿಯ ಬೆರಳುಗಳಲ್ಲಿ ಚರ್ಮ ಉಳಿಯಲಿಲ್ಲ. ಬೈದುಕೊಂಡೇ ಕತ್ತರಿಸಿದಳು, ಮುಗಿದ ದಿನ ತಾನೇ ಎದ್ದು ಅದಕ್ಕೆ ದೃಷ್ಟಿ ತೆಗೆದಳು.

ಫೋಟೋ ತೆಗೆಸೋಣವೆಂದರೆ ಹೆಗಡೆ ಹೌಹಾರಿದ. "ಫೋಟೋ ಗೀಟೋ ಎಂತದೂ ಬೇಡ! ಗುಟ್ಟು ಒಡೆದ್ರೆ ಸಿನಿಮಾ ಯಾರು ನೋಡ್ತಾರೆ? ಇದರ ಮೇಲಿನ ತಾಡಪತ್ರಿ ನಾ ಹೇಳೋವರೆಗೂ ತೆಗೀಬಾರದು." ಸಿನಿಮಾದಲ್ಲೇ ಬರುತ್ತದಲ್ಲ ಎಂದು ಜಟ್ಟಪ್ಪನೂ ಸುಮ್ಮನಾದ.

ಶೂಟಿಂಗು ಶುರುವಾಯಿತು. ಮೊದಲ ದಿನ ಹೆಗಡೆ ಬಾಲ ತೆಗೆದ. ಬರೀ ಬಾಲ. ಮರುದಿನ ಒಂದು ಉಗುರು. ಆಮೇಲೆ ಎಲೆಗಳ ಸಂದಿಯಿಂದ ಅರ್ಧ ಕಣ್ಣು. ಮತ್ತೊಂದು ದಿನ ಪೂರ್ತಿ ಮೃಗವನ್ನು ನಿಲ್ಲಿಸಿ, ಹಿಂದಿನಿಂದ ದೊಡ್ಡ ಲೈಟು ಬಿಟ್ಟು, ಗೋಡೆಯ ಮೇಲೆ ಬಿದ್ದ ನೆರಳನ್ನು ತೆಗೆದ! ಮೃಗ ಇಲ್ಲಿ ನಿಂತಿದೆ, ಕ್ಯಾಮೆರಾ ಅತ್ತ ಮುಖ ಮಾಡಿದೆ. ಪಕ್ಕದ ಒಣ ಹಲಸಿನ ಟೊಂಗೆಯ ನೆರಳೂ ಅದರೊಟ್ಟಿಗೆ ಬಿದ್ದಿತ್ತು. ಜಟ್ಟಪ್ಪನಿಗೆ ಅಡಿಯಿಂದ ಮುಡಿಯವರೆಗೆ ಉರಿಯಿತು.

"ಮುಖ ಯಾವಾಗ ತೆಗೀತ್ರಿ?"

"ಯಕ್ಷಗಾನ ನೋಡಿದ್ಯಲ ನೀನು? ರಕ್ಕಸನ ವೇಷ ಬರೋವಾಗ ಎಂತ ಮಾಡ್ತಾರೆ? ಇಬ್ಬರು ತೆರೆ ಹಿಡೀತಾರೆ. ಒಮ್ಮೆ ಕಿರೀಟದ ತುದಿ, ಒಮ್ಮೆ ಕೈ, ಒಂದು ಕೂಗು. ಜನರ ಎದೆ ಡವಡವ ಅನ್ನೋದು ತೆರೆ ಇರೋವರೆಗೆ ಮಾತ್ರ. ಪೂರಾ ಕಂಡಮೇಲೆ ಎಂತ ಹೆದರಿಕೆ?"

"ಕಡಿಗೆ ತೆರೆ ತೆಗೀತ್ರಲ ಹೆಗಡೇರೆ! ಬೆಳಗಾತನಕ ತೆರೆ ಹಿಡ್ಕಂಡೇ ನಿಂತ್ರೆ ಜನ ಬಿಡ್ತ್ರಾ? ಬಣ್ಣ ಬರ್ಕಂಡು ಕೂತಂವ ಎಂತಕ್ಕೆ ಬರ್ಕಂಡ ಹಂಗಾದ್ರೆ?"

ನಾಯಕಿಯ ಪಾತ್ರ ಮಾಡುತ್ತಿದ್ದ ಹೆಗಡೆಯ ತಂಗಿ ವೇದಾಳಿಗೂ ಪಾಪ ಎನಿಸಿತು. "ಒಂದು ಸಲ ಆದ್ರೂ ಪೂರಾ ತೋರ್ಸಲಾಗ್ತಿಲ್ಯನ ಅಣ್ಣಯ್ಯ? ಅಷ್ಟು ಚೊಲೋ ಮಾಡಿದ್ದ."

"ಸುಮ್ನಿರೆ, ನಿಂಗೆ ಗೊತ್ತಾಗ್ತಿಲ್ಲೆ" ಎಂದು ಹೆಗಡೆ ಅವಳ ಬಾಯಿ ಮುಚ್ಚಿಸಿದ. ಜಟ್ಟಪ್ಪನ ಕಡೆ ತಿರುಗಿ, "ಕೊನೆಯಲ್ಲಿ ಅದು ಕೆರೆಗೆ ಬಿದ್ದು ಸಾಯ್ತದಲ, ಆಗ ನೋಡೋಣ" ಎಂದ.

ನೋಡೋಣ ಎಂದರೆ ತೋರಿಸುವೆ ಎಂದು ಅರ್ಥ ಮಾಡಿಕೊಂಡದ್ದು ಜಟ್ಟಪ್ಪನ ತಪ್ಪು. ಕೆರೆಗೆ ಹಾಕುವುದೆಂದಾಗ ಅವನಿಗೆ ಚೌತಿಯ ಗಣಪತಿಗಳೇ ನೆನಪಾಗಿದ್ದವು. ಆದರೆ ಈ ಸಲ ಕ್ಯಾಮೆರಾ ನೋಡುತ್ತಿರುತ್ತದೆ, ಹಾಳೆ ಬಿದಿರು ಹೋದರೆ ಹೋಗಲಿ ಎಂದುಕೊಂಡ. ಆ ದಿನ ಮೃಗದ ಹಿಂದೆ ಬಗ್ಗಿ ನಿಂತು, ಉಳಿದವರ ಜೊತೆ ಹೆಗಲು ಕೊಟ್ಟು, ತಾನೇ ಏರಿಯಿಂದ ದೂಡಿದ. ಕ್ಯಾಮೆರಾ ಎತ್ತ ತಿರುಗಿತ್ತು ಎಂದು ಅವನಿಗೆ ಕಾಣುವ ಹಾಗಿರಲಿಲ್ಲ. ಚಿಪ್ಪುಹಂದಿ ಒಮ್ಮೆ ಮಗುಚಿ, ಬುಳಬುಳ ಎಂದು ಒಳಗೆ ಹೋಯಿತು.

ಸಿನಿಮಾವನ್ನು ಮೊದಲು ಸಿದ್ದಾಪುರದ ಒಂದು ಸಭಾಭವನದಲ್ಲಿ ತೋರಿಸಿದರು. ಜಟ್ಟಪ್ಪ ಇಸ್ತ್ರಿ ಮಾಡಿಸಿದ ಅಂಗಿ ತೊಟ್ಟು ಮುಂದಿನ ಸಾಲಿನಲ್ಲಿ ಕೂತ. ವಜ್ರಳ್ಳಿಯಿಂದ ನಾಗಿಯ ತವರಿನವರೂ ಬಂದಿದ್ದರು. ಬಾಲ ಬಂತು, ಉಗುರು ಬಂತು, ನೆರಳು ಬಂತು. ಹೆಂಗಸರು ಚೀರಿದರು, ಹಿಂದೆ ಯಾರೋ ಕುರ್ಚಿಯಿಂದಲೇ ಬಿದ್ದರು. ಕೊನೆಗೆ ಕೆರೆಯ ಏರಿ ಬಂತು. ಜಟ್ಟಪ್ಪ ನಾಗಿಯ ಕೈ ಒತ್ತಿ ಹಿಡಿದ. ಪರದೆಯ ಮೇಲೆ ವೇದಾಳ ಮುಖ. ಅವಳು ಬಾಯಿ ತೆರೆದು ನೋಡುತ್ತಿದ್ದಾಳೆ. ಇನ್ನೊಬ್ಬರ ಮುಖ, ಮತ್ತೊಬ್ಬರ ಮುಖ. ಧಡಾರ್ ಎಂದು ಸದ್ದು. ಆಮೇಲೆ ನೀರಿನ ಮೇಲೆ ಗುಳ್ಳೆ. ಮುಗಿಯಿತು!

ಚಪ್ಪಾಳೆಯೋ ಚಪ್ಪಾಳೆ. ಜಟ್ಟಪ್ಪ ಎದ್ದವನೇ ಹೆಗಡೆಯ ಎದುರು ಹೋಗಿ ನಿಂತ. "ನನ್ನ ಮೃಗ ಎಲ್ಲಿ?"

"ಜನ ಹೆದರಿದ್ದು ನೋಡ್ದ್ಯಾ? ಅದೇ ನಿನ್ನ ಮೃಗ ಮಾರಾಯ!" ಎಂದು ಹೆಗಡೆ ಅವನನ್ನು ತಬ್ಬಿಕೊಂಡ. ಮನಸ್ಸಿನಲ್ಲಿ ಕೆಟ್ಟದ್ದಿಲ್ಲದವನ ತಬ್ಬುಗೆ. ಅದಕ್ಕೆ ಹೊಡೆಯಲೂ ಆಗಲಿಲ್ಲ.

ಹೊರಗೆ ಜನ ಮುತ್ತಿಕೊಂಡರು. "ಜಟ್ಟಪ್ಪಣ್ಣ, ಆ ಕೊಂಬು! ಯಪ್ಪಾ, ಜೀವನೇ ಹೋತು."

"ಕೊಂಬಾ? ಎಂಥಾ ಕೊಂಬು?"

"ಗೋಡೆ ಮ್ಯಾಲೆ ಬಂತಲ, ಕವಲು ಕವಲಾಗಿ!"

"ಅದು ಹಲಸಿನ ಟೊಂಗೆ ಮಾರಾಯ್ರೆ! ಚಿಪ್ಪುಹಂದಿಗೆ ಎಲ್ಲಾದ್ರೂ ಕೊಂಬಿರ್ತದಾ?" ಎಂದು ಜಟ್ಟಪ್ಪ ಗಂಟಲು ಹರಿಯುವ ಹಾಗೆ ಕೂಗಿದ. ಎಲ್ಲರೂ ನಕ್ಕರು, ಗುಟ್ಟು ಬಿಟ್ಟುಕೊಡದ ಜಾಣನೆಂದು ಬೆನ್ನು ತಟ್ಟಿದರು.

ಕೇಬಲ್ಲಿನಲ್ಲಿ ಬಂದಮೇಲೆ ಕೇಳುವುದೇ ಬೇಡ. ಶಿರಸಿಯ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಕೂಡ ಕೊಂಬಿನ ಮಾತೆತ್ತುತ್ತಿದ್ದರು. ಮೊದಮೊದಲು ಜಟ್ಟಪ್ಪ ವಾದಕ್ಕೆ ನಿಲ್ಲುತ್ತಿದ್ದ, ನೆಲದ ಮೇಲೆ ಕಡ್ಡಿಯಲ್ಲಿ ಚಿತ್ರ ಬರೆದು ತೋರಿಸುತ್ತಿದ್ದ. ಆಮೇಲೆ ಗಡ್ಡ ಬೋಳಿಸಲು ಅಂಗಡಿಗೆ ಹೋಗುವುದನ್ನೂ ಬಿಟ್ಟ.

ಚಳಿಗಾಲದಲ್ಲಿ ವಜ್ರಳ್ಳಿಯಿಂದ ಯುವಕ ಮಂಡಳದವರು ಬಂದರು. ವಾರ್ಷಿಕೋತ್ಸವಕ್ಕೆ ಮೈದಾನದ ಬಾಗಿಲಲ್ಲಿ ಅದೇ ಮೃಗ ನಿಲ್ಲಬೇಕು, ಅದೇ, ಬೇರೆಯದಲ್ಲ. ಜಟ್ಟಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಈಗ ನೋಡಲಿ, ಹಗಲು ಬೆಳಕಲ್ಲಿ, ಮೂತಿಯಿಂದ ಬಾಲದವರೆಗೆ! ನಾಗಿಯನ್ನು ಕರೆದುಕೊಂಡು ಹೋಗಿ ಅವಳ ತವರಿನಲ್ಲೇ ಬೀಡುಬಿಟ್ಟ. ಅದೇ ಓರೆ, ಅದೇ ರೆಪ್ಪೆ. ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಒಂದು ಕೈ ಮೇಲೇ ಬಂತು.

ಮಂಡಳದ ಅಧ್ಯಕ್ಷ ರಾಘು ಅದಕ್ಕೊಂದು ಸುತ್ತು ಬಂದು ತಲೆ ಕೆರೆದುಕೊಂಡ. "ಚೊಲೋ ಐತಿ ಭಾವ. ಆದ್ರೆ ಇದು ಅದಲ್ಲ."

"ಅದಲ್ಲ ಅಂದ್ರೆ? ಮಾಡ್ದಂವ ನಾನು!"

"ನಿಮಗೆ ಮರ್ತೋಗೈತಿ. ಸಿನಿಮಾ ನಾವು ಎಷ್ಟು ಸಲ ನೋಡಿವಿ. ಇದನ್ನ ನಿಲ್ಸಿದ್ರೆ ಜನ ಡೂಪ್ಲಿಕೇಟ್ ಅಂತ ನಗಾಡ್ತ್ರು."

ಜಟ್ಟಪ್ಪ ಪಕ್ಕದಲ್ಲಿ ಹಾಳೆಯ ಚೂರು ಗುಡಿಸುತ್ತಿದ್ದ ನಾಗಿಯ ಕಡೆ ತಿರುಗಿದ. "ಪ್ರತಿ ಚಿಪ್ಪು ಕತ್ತರ್ಸಿದ್ದು ನೀನು. ಹೇಳೇ ಇವ್ರಿಗೆ. ಕೊಂಬಿತ್ತಾ?"

ನಾಗಿ ಪೊರಕೆ ಹಿಡಿದೇ ಆ ನುಣ್ಣನೆಯ ಹಣೆಯನ್ನು ಬಹಳ ಹೊತ್ತು ನೋಡಿದಳು. ತಮಾಷೆ ಮಾಡುವ ಮುಖವಾಗಿರಲಿಲ್ಲ ಅವಳದು.

"ಇತ್ತೇನ ಅಂತ ಕಾಣ್ತದೆ ನಂಗೆ" ಎಂದಳು ಮೆಲ್ಲಗೆ.

ಜಟ್ಟಪ್ಪ ಆ ದಿನ ಊಟ ಮಾಡಲಿಲ್ಲ. ಸಂಜೆ ಯಾರಿಗೂ ಹೇಳದೆ ಕತ್ತಿ ತೆಗೆದುಕೊಂಡು ಹೋಗಿ ಒಂದು ಕವಲುಟೊಂಗೆ ಕಡಿದು ತಂದ, ಕಪ್ಪು ಬಣ್ಣ ಬಳಿದ, ಹಣೆಗೆ ತೂತು ಕೊರೆದು ಕೂರಿಸಿದ. ಬೆಳಿಗ್ಗೆ ಬಂದವರೆಲ್ಲ "ಹಾಂ, ಈಗ ಅದೇ!" ಎಂದು ಕುಣಿದಾಡಿದರು. ಯಲ್ಲಾಪುರದಿಂದ ಫೋಟೋದವನನ್ನು ಕರೆಸಿ, ಮೃಗದ ಪಕ್ಕ ಜಟ್ಟಪ್ಪನನ್ನು ಶಾಲು ಹೊದಿಸಿ ನಿಲ್ಲಿಸಿದರು.

ಆ ಫೋಟೋ ಕಟ್ಟು ಹಾಕಿಸಿಕೊಂಡು ಬಿಳಗಿಯ ಮನೆಯ ಜಗುಲಿಯಲ್ಲಿ ತೂಗುತ್ತಿದೆ. ಮನೆಗೆ ಬಂದವರಿಗೆ ನಾಗಿ ಅದನ್ನು ತೋರಿಸಿ, "ನಮ್ಮನೆಯವ್ರು ಸಿನಿಮಾಕ್ಕೆ ಮಾಡಿದ್ದು ಇದೇಯ" ಎನ್ನುತ್ತಾಳೆ. ಜಟ್ಟಪ್ಪ ಎದ್ದು ಅಂಗಳಕ್ಕೆ ಹೋಗುತ್ತಾನೆ.