ಜರಿಲಂಗಕ್ಕೆ ಕನ್ನಡಕ

ಆಗ ನನಗೆ ಐವತ್ತೆಂಟು. ಇಪ್ಪತ್ತೇಳು ವರ್ಷದ ಹಿಂದಿನ ಮಾತು. ನನ್ನ ಬಾಲ್ಯದಲ್ಲಿ ಬರೆಯುವಂಥದ್ದು ಏನೂ ಇಲ್ಲ, ಪಾತ್ರೆ ತೊಳೆದದ್ದೇ ಬಾಲ್ಯ. ಅದಕ್ಕೆ ಮೊಮ್ಮಗಳು ಶ್ರುತಿಯ ಬಾಲ್ಯದ ಒಂದು ಸಂಕ್ರಾಂತಿಯನ್ನು ಬರೆಯುತ್ತೇನೆ.

ಆ ಕಾಲದಲ್ಲಿ ತ್ಯಾಗರಾಜನಗರದ ನಮ್ಮ ಬೀದಿಯಲ್ಲಿ ಸಂಕ್ರಾಂತಿ ಹದಿನೈದು ದಿನ ಮೊದಲೇ ಶುರುವಾಗುತ್ತಿತ್ತು. ಕೊಬ್ಬರಿಯ ಕಪ್ಪು ಹೆರೆದು, ಬೆಲ್ಲದ ಜೊತೆ ಸಣ್ಣಗೆ ಹೆಚ್ಚಿ, ತಾರಸಿಯ ಮೇಲೆ ಹಳೇ ಸೀರೆ ಹಾಸಿ ಒಣಗಿಸುತ್ತಿದ್ದೆವು. ಮನೆಯೆಲ್ಲ ಹುರಿದ ಎಳ್ಳಿನ ಘಮ. ಕಾಗೆ ಓಡಿಸಲು ಶ್ರುತಿಯನ್ನು ಕೂರಿಸಿದರೆ ಕಾಗೆಗಿಂತ ಹೆಚ್ಚು ಅವಳೇ ತಿನ್ನುತ್ತಿದ್ದಳು.

ಆ ವರ್ಷ ಅವಳಿಗೆ ಎಂಟು. ಡಿಸೆಂಬರಿನಲ್ಲಿ ಸ್ಕೂಲಿನ ಮೇಡಂ ನಮ್ಮನ್ನು ಕರೆಸಿ, ಹುಡುಗಿಗೆ ಬೋರ್ಡು ಕಾಣುವುದಿಲ್ಲ ಎಂದರು. ನಮಗೆ ನಂಬಿಕೆ ಬರಲಿಲ್ಲ. ನನ್ನ ಸೂಜಿಗೆ ದಾರ ಪೋಣಿಸುತ್ತಿದ್ದವಳು ಅವಳೇ, ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದವಳೂ ಅವಳೇ. ಹತ್ತಿರದ್ದು ಕಾಣುತ್ತದೆ, ದೂರದ್ದು ಕಾಣುವುದಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದ ಮೇಲೆಯೇ ತಿಳಿಯಿತು. ದಪ್ಪ ಗಾಜಿನ ಕನ್ನಡಕ ಬಂತು. ಅದನ್ನು ಹಾಕಿಕೊಂಡು ಜಯನಗರದ ಅಂಗಡಿಯಿಂದ ಹೊರಗೆ ಬಂದವಳೇ ರಸ್ತೆಯಲ್ಲಿ ನಿಂತುಬಿಟ್ಟಳು.

"ಅಜ್ಜೀ, ಬಸ್ ಡ್ರೈವರ್‌ಗೆ ಮೀಸೆ ಇದೆ!"

ಸೊಸೆ ಸುಮಿತ್ರಾಗೆ ಮಾತ್ರ ಆ ಕನ್ನಡಕ ಕಂಡರೆ ಆಗುತ್ತಿರಲಿಲ್ಲ. ಸ್ಕೂಲಿನಲ್ಲಿ ಹಾಕಬೇಕು, ನಮ್ಮ ಬೀದಿಯಲ್ಲಿ ಹಾಕಕೂಡದು ಎಂದು ಕಟ್ಟಪ್ಪಣೆ. ಮನೆಗೆ ಬಂದೊಡನೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಸಂಜೆ ಆಟಕ್ಕೆ ಹೋದರೆ ಚೆಂಡು ಮೂಗಿಗೆ ತಗುಲಿದ ಮೇಲೆಯೇ ಹುಡುಗಿಗೆ ಕಾಣುವುದು. ಮಕ್ಕಳು ಅವಳನ್ನು ಆಟಕ್ಕೆ ಸೇರಿಸಿಕೊಳ್ಳುವುದನ್ನೇ ಬಿಟ್ಟರು.

ಹಬ್ಬದ ಸಂಜೆ ಜರಿಲಂಗ ಉಡಿಸಿ, ಜಡೆಗೆ ಕುಚ್ಚು ಕಟ್ಟಿ, ತಟ್ಟೆಯಲ್ಲಿ ಎಳ್ಳಿನ ಪೊಟ್ಟಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಜೋಡಿಸಿ, ಮನೆ ಮನೆಗೆ ಎಳ್ಳು ಬೀರಲು ಅವಳನ್ನು ಹೊರಡಿಸಿದೆವು.

"ಅಮ್ಮ, ಕನ್ನಡಕ" ಎಂದಳು.

"ಜರಿಲಂಗಕ್ಕೆ ಸೋಡಾಬುಡ್ಡೀನಾ? ಬೀದಿಗೆಲ್ಲ ಗೊತ್ತಾಗ್ಲಿ ಅಂತಾನಾ? ನಾಳೆ ನಿಂಗೆ ಮದುವೆ ಆಗೋದು ಬೇಡ್ವಾ?"

"ಎಂಟು ವರ್ಷದವಳಿಗೆ ಆಗ್ಲೇ ಗಂಡು ಬಂದು ಹಾಲ್‌ನಲ್ಲಿ ಕೂತಿದ್ದಾನೇನೇ?" ಎಂದೆ ನಾನು.

"ನೀವು ಸುಮ್ನಿರಿ ಅತ್ತೆ."

ಹಬ್ಬದ ದಿನ ಜಗಳ ಬೇಡ ಎಂದು ಸುಮ್ಮನಿದ್ದೆ. ಜಗಳ ತಾನಾಗಿಯೇ ನಡೆದುಕೊಂಡು ಬಂತು. ಸ್ವಲ್ಪ ಹೊತ್ತಿಗೆ ಬೀದಿಯ ಆಚೆ ಬದಿಯ ಕಮಲಮ್ಮ ಗೇಟು ದೂಡಿಕೊಂಡು ಒಳಗೆ ಬಂದರು.

"ಏನ್ರೀ ಸುಮಿತ್ರಾ, ಗೇಟಲ್ಲೇ ನಿಂತು ನಗ್ತಾ ಇದೀನಿ, ನಿಮ್ಮ ಹುಡುಗಿ ನನ್ನ ಮುಖ ನೋಡ್ಕೊಂಡೇ ಪಕ್ಕದ ಮನೆಗೆ ನುಗ್ಗಿದ್ಲಲ್ಲ! ಎಳ್ಳು ಕೊಡೋಕೂ ನಾವು ಬೇಡ್ವಾ? ಅದೂ ಆ ಮನೆಯವ್ರಿಗೆ ಕೊಟ್ಟು!"

ಮೋರಿ ನೀರಿನ ವಿಷಯಕ್ಕೆ ಅವರಿಗೂ ಪಕ್ಕದ ಮನೆಯವರಿಗೂ ಮಾತು ಬಿಟ್ಟು ವರ್ಷವಾಗಿತ್ತು. ಎರಡು ಮನೆಗೂ ಒಂದೇ ಥರದ ಗೇಟು. ಶ್ರುತಿ ಅವರ ಹಿಂದೆ ತಟ್ಟೆ ಹಿಡಿದು ಅಳುತ್ತಾ ನಿಂತಿದ್ದಳು.

ಸುಮಿತ್ರಾ ನಕ್ಕಂತೆ ಮಾಡಿ, "ಅದೊಂದು ಮಂಕು ಕಮಲಮ್ಮ. ಬುದ್ಧಿ ಸಾಲ್ದು" ಎಂದಳು.

ನನಗೆ ಮೈ ಉರಿದುಹೋಯಿತು. ಕನ್ನಡಕ ಮುಚ್ಚಿಡಲು ಮಗುವನ್ನು ದಡ್ಡಿ ಮಾಡುವುದೇ?

"ಬುದ್ಧಿ ಬೇಕಾದಷ್ಟಿದೆ. ಕಣ್ಣು ಕಾಣಲ್ಲ. ಕನ್ನಡಕ ಬೀರುವಿನಲ್ಲಿದೆ" ಎಂದು ಕಮಲಮ್ಮನಿಗೆ ಹೇಳಿ, ಸೊಸೆಯ ಕಡೆ ಕೈ ಚಾಚಿದೆ. "ಬೀಗದ ಕೈ ಕೊಡೇ."

ಸುಮಿತ್ರಾ ನನ್ನ ಮುಖ ನೋಡದೆ ಸೊಂಟದಿಂದ ತೆಗೆದುಕೊಟ್ಟಳು. ಮಗುವಿನ ಕಣ್ಣು ಒರೆಸಿ, ಕನ್ನಡಕ ಹಾಕಿ, ತಟ್ಟೆ ಮತ್ತೆ ತುಂಬಿಸಿದೆ.

"ಹೋಗು. ಮೊದಲಿಂದ ಎಲ್ಲಾ ಮನೆಗೂ ಹೋಗು."

"ಕೊಟ್ಟಿರೋ ಮನೆಗೂ?"

"ಹೂಂ. ಅವರೂ ನೋಡ್ಲಿ."

ಬೀದಿಯ ನಡುಮಧ್ಯೆ ಲಂಗ ಎತ್ತಿ ಹಿಡಿದು ನೆಟ್ಟಗೆ ನಡೆದಳು. ನಾನು ದಿನಾ ಸಂಜೆ ನಿಲ್ಲುವಂತೆ ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿದ್ದೆ. ಮೊದಲು ಕಮಲಮ್ಮನ ಮನೆ. ಅಲ್ಲಿ ಕಾಲೇಜಿಗೆ ಹೋಗುವ ಮಗಳು ಉಮಾ ಇದ್ದಳು. ರಸ್ತೆಯಲ್ಲಿ ಎದುರು ಸಿಕ್ಕರೂ ನಗುವುದಿಲ್ಲ, ಬಲು ಜಂಬದವಳು ಎಂದು ಅವಳಿಗೆ ಹೆಸರು. ಉಮಾ ಶ್ರುತಿಯ ಮುಖವನ್ನೇ ನೋಡಿದಳು. ಒಳಗೆ ಓಡಿದಳು. ಹೊರಗೆ ಬಂದಾಗ ಅವಳ ಮೂಗಿನ ಮೇಲೂ ಕನ್ನಡಕ!

"ನಿನ್ನದಕ್ಕಿಂತ ನಂದೇ ದಪ್ಪ ಕಣೇ!" ಎಂದು ನಕ್ಕವಳು, ನಮ್ಮ ಗೇಟಿನ ಕಡೆ ತಿರುಗಿ ಕೂಗಿದಳು: "ಅಜ್ಜೀ, ನೀವು ಅಲ್ಲಿ ನಿಂತ್ಕೊಳ್ಳೋದು ನಂಗೆ ಇವತ್ತೇ ಕಂಡಿದ್ದು!"

ಆಗ ತಾನೇ ಮನೆ ತಲುಪಿದ್ದ ಕಮಲಮ್ಮ, "ಹಬ್ಬದ ದಿನಾನೇ ಹಾಕ್ಬೇಕಿತ್ತಾ ನಿಂಗೆ?" ಎಂದರು. ಉಮಾ ತೆಗೆಯಲಿಲ್ಲ. ಶ್ರುತಿ ತಟ್ಟೆ ತುಂಬ ಎಳ್ಳು ತುಂಬಿಸಿಕೊಂಡು ಬಂದಳು. ಆ ಬೇಸಿಗೆ ಲಗೋರಿಯಲ್ಲಿ ಅವಳು ಚೆಂಡು ಹಿಡಿದರೆ ಗಂಡುಹುಡುಗರು ಕಾಂಪೌಂಡ್ ಹಾರುತ್ತಿದ್ದರು. ಮುಂದೆ ಕನ್ನಡಕ ಹಾಕಿಕೊಂಡೇ ಧಾರೆಗೂ ಕೂತಳು.

ಈಗ ಆ ಮನೆಗಳೆಲ್ಲ ಒಡೆದು ಫ್ಲ್ಯಾಟುಗಳಾಗಿವೆ. ಎಳ್ಳು ಅಂಗಡಿಯ ಪ್ಯಾಕೆಟ್ಟಿನಲ್ಲಿ, ವಾಚ್‌ಮನ್ ಕೈಯಲ್ಲಿ ಬರುತ್ತದೆ. ಯಾರ ಮನೆ ಬಿಟ್ಟುಹೋದರೂ ಯಾರೂ ಕೇಳಿಕೊಂಡು ಬರುವುದಿಲ್ಲ. ಜಗಳಕ್ಕೆ ಬರುವಷ್ಟು ಬಳಕೆಯೇ ಯಾರಿಗೂ ಯಾರೊಂದಿಗೂ ಉಳಿದಿಲ್ಲ. ನಷ್ಟ ಅಂದರೆ ಅದೇ.

ಆ ಹಬ್ಬದ ಮಾರನೇ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು, ಕನ್ನಡಕದ ಡಬ್ಬಿ ತೊಳೆದು ಒರೆಸಿ, ಲವಂಗ ಏಲಕ್ಕಿ ತುಂಬಿಸಿ ಒಲೆಯ ಪಕ್ಕ ಇಟ್ಟೆ. ಸುಮಿತ್ರಾ ಹುಡುಕಿಕೊಂಡು ಬಂದು ನೋಡಿದಳು.

"ಇನ್ಮೇಲೆ ಕನ್ನಡಕ ಎಲ್ಲಿಡೋದು ಅತ್ತೆ?"

"ಮೂಗಿನ ಮೇಲೆ" ಎಂದು ಹೇಳಿ ಕಾಫಿಗೆ ನೀರಿಟ್ಟೆ.