ಇನಾಸಬಾಯಿಯ ಹರಕೆ

ಮೊನ್ನೆ ಪಕ್ಕದ ಮನೆಯ ರೀಟಾ ಹಳೆಗೋವೆಗೆ ಹೋಗಿಬಂದು ನನಗೊಂದು ಮೇಣದಬತ್ತಿ ಕೊಟ್ಟಳು. ನಸುಕಿಗೆ ಹೊನ್ನಾವರ ಬಿಟ್ಟವಳು ಕತ್ತಲಾಗುವುದರೊಳಗೆ ಮನೆಯಲ್ಲಿದ್ದಳು. ಬತ್ತಿಯನ್ನು ಮೂಗಿಗೆ ಹಿಡಿದೆ ನೋಡಿ, ಆ ವಾಸನೆಗೆ ಅರವತ್ತು ವರ್ಷ ಹಿಂದಕ್ಕೆ ಸರಿದುಬಿಟ್ಟವು. ನಾನೂ ಒಮ್ಮೆ ಅಲ್ಲಿಗೆ ಹೋಗಿದ್ದೆ. ಹೋಗಿ ಮುಟ್ಟಲು ಹನ್ನೊಂದು ವರ್ಷ ಹಿಡಿಯಿತು ಎಂದರೆ ನೀವು ನಗುತ್ತೀರಿ.

ಆಗ ಹೊನ್ನಾವರದ ನನ್ನ ತವರಿನ ಪಕ್ಕದಲ್ಲಿ ಇನಾಸಬಾಯಿ ಇದ್ದರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಜಗಲಿಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಊರ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಅವರ ಮಗಳು ಲಿಲ್ಲಿ ಮತ್ತು ನಾನು ಒಂದೇ ವಾರಿಗೆಯವರು. ಆರನೆಯ ವರ್ಷದಲ್ಲಿ ಇಬ್ಬರಿಗೂ ಒಂದೇ ವಾರ ವಿಷಮಶೀತ ಜ್ವರ ಬಂತು. ಅಮ್ಮ ಇಡಗುಂಜಿ ಗಣಪತಿಗೆ ಹೇಳಿಕೊಂಡಳು. ಇನಾಸಬಾಯಿ ಹೇಳಿಕೊಂಡದ್ದು ಹಳೆಗೋವೆಯ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ನೂರಾರು ವರ್ಷಗಳಿಂದ ದೇಹ ಉಳಿದಿರುವ ಸಂತನಿಗೆ. ಅವರ ಬಾಯಲ್ಲಿ ಆತ ಬರೀ ‘ಸಾಯಬ’. ಹುಡುಗಿಯರಿಬ್ಬರೂ ಎದ್ದರೆ ಕರೆತಂದು ನಿನ್ನೆದುರು ನಿಲ್ಲಿಸುತ್ತೇನೆ ಎಂದು ಹರಕೆ.

ಲಿಲ್ಲಿ ಹೋದಳು. ನಾನು ಉಳಿದೆ.

ಇಡಗುಂಜಿಯ ಹರಕೆ ಮುಂದಿನ ವರ್ಷವೇ ತೀರಿತು. ದಾರಿಯಲ್ಲಿ ಬಿಸಿಲಿಗೆ ನಾನು ಅತ್ತಾಗ ಸೊಂಟದ ಮೇಲೆ ಎತ್ತಿಕೊಂಡು ನಡೆದವರು ಇನಾಸಬಾಯಿಯೇ. ಗೋವೆಯ ಹರಕೆ ಮಾತ್ರ ಉಳಿಯಿತು. ಅಲ್ಲಿ ಪೋರ್ತುಗೀಸರ ಆಳ್ವಿಕೆ. ಕಾರವಾರದಾಚೆ ಮಾಜಾಳಿಯ ಗಡಿಯಲ್ಲಿ ದಾರಿ ಮುಚ್ಚಿತು.

ನನಗೆ ಅದರಿಂದ ಒಳಗೊಳಗೇ ಸಮಾಧಾನವಾಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಲಂಗಕ್ಕೆ ಅಳತೆ ತೆಗೆಯುವಾಗ ಇನಾಸಬಾಯಿ ಟೇಪು ಹಿಡಿದವರು ಹಾಗೇ ನಿಂತುಬಿಡುತ್ತಿದ್ದರು, ನನ್ನನ್ನೇ ನೋಡುತ್ತ. ನಿನ್ನ ಬದಲು ನನ್ನ ಮಗಳು ಉಳಿಯಬಾರದಿತ್ತೇ ಎಂದು ಅವರು ಕೇಳಿಕೊಳ್ಳುತ್ತಿದ್ದಾರೆ ಎಂದೇ ನನ್ನ ಲೆಕ್ಕ. “ಅಳತೆ ಆತಾ?” ಎಂದು ನುಸುಳಿಕೊಂಡು ಓಡುತ್ತಿದ್ದೆ. ದೊಡ್ಡವಳಾದ ಹಾಗೆ ಅವರ ಜಗಲಿ ತಪ್ಪಿಸಿ ಬಾವಿಯ ಹಿಂದಿನಿಂದ ಸುತ್ತಿ ಶಾಲೆಗೆ ಹೋಗುವ ಜಾಣತನವೂ ಬಂತು.

ಗೋವೆ ಬಿಡುಗಡೆಯಾಯಿತು. ಕೆಲವು ವರ್ಷಕ್ಕೆ ಸಾಯಬನ ದೇಹವನ್ನು ಜನರ ದರ್ಶನಕ್ಕೆ ಇಡುತ್ತಾರೆಂಬ ಸುದ್ದಿ ಬಂತು. ಇನಾಸಬಾಯಿ ಒಗೆದ ಸೀರೆ ಉಟ್ಟು ನಮ್ಮ ಮನೆಗೆ ಬಂದರು. ಅಪ್ಪ ಕನ್ನಡ ಶಾಲೆಯ ಮಾಸ್ತರು.

“ಮಾಸ್ತರ್ರೇ, ತಂಗಿಯನ್ನ ನಾಕು ದಿನ ನಂಗೆ ಕೊಡಿ. ಸಾಯಬನಿಗೆ ಮಾತು ಕೊಟ್ಟಿದ್ದೆ.” ತಂಗಿ ಎಂದು ಅವರು ಕರೆಯುತ್ತಿದ್ದದ್ದು ನನ್ನನ್ನೇ.

ಅಪ್ಪ ಕನ್ನಡಕ ತೆಗೆದು ಒರೆಸಿದರು. “ಹೊಳನಗದ್ದೆಯಿಂದ ಸಂಬಂಧ ಬಂದದೆ ಇನಾಸಬಾಯಿ. ಈಗ ಹುಡುಗಿ ಇಗರ್ಜಿ ಯಾತ್ರೆಗೆ ಹೋದ್ಲು ಅಂದ್ರೆ ಜನ ಎಂತ ಹೇಳೂದಿಲ್ಲ?”

ಇನಾಸಬಾಯಿ ತಲೆ ತಗ್ಗಿಸಿ ಎದ್ದರು. ಆಗ ಬಾಗಿಲ ಮರೆಯಿಂದ ಅಮ್ಮ ಈಚೆ ಬಂದಳು. ಅಪ್ಪನ ಎದುರು ಅವಳು ಅಷ್ಟು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

“ಹರಕೆ ಹೊತ್ತದ್ದು ಅವರು, ಬದುಕಿದ್ದು ನಮ್ಮ ಮಗಳು. ಅವರ ಮಾತು ಉಳಿಸ್ಕೊಳ್ಳದೆ ಇವಳ ಧಾರೆ ಎರೆಯೂದು ಹ್ಯಾಂಗೆ? ಬೇಕಾದ್ರೆ ನಾನೂ ಹೋಗ್ತೆ.”

ಹಾಗೆ ಮೂವರು ಹೆಂಗಸರು ಹೊರಟೆವು. ಕುಮಟೆ ಬಂದಾಗ ಅಮ್ಮನ ಧೈರ್ಯ ಸ್ವಲ್ಪ ಇಳಿಯಿತು. ಸೆರಗು ಮೂಗಿನವರೆಗೆ ಎಳೆದುಕೊಂಡಳು. ಆದರೂ ಬಸ್‌ಸ್ಟ್ಯಾಂಡಿನಲ್ಲಿ ಹೊಳನಗದ್ದೆಯ ಹುಡುಗನ ಸೋದರಮಾವನೇ ಎದುರಾಗಬೇಕೇ! “ಎತ್ಲಾಗೆ ಹೊರಟ್ರಿ?” ಎಂದರು. ಕಾರವಾರದ ನೆಂಟರ ಮನೆಗೆ ಎಂಬ ಸುಳ್ಳನ್ನು ಅಮ್ಮ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. ಇನಾಸಬಾಯಿಯ ಮುಖ ನೋಡಿದ್ದೇ ಅದು ಬಾಯಿಗೆ ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿಬಿಟ್ಟಳು. ಆತ ಗಡ್ಡ ಕೆರೆದುಕೊಂಡರು. ಬಸ್ಸು ಹೊರಡುವಾಗ ಕಿಟಕಿಗೆ ಬಂದು, “ನಮ್ಮ ಮನೆ ಹೆಸರಲ್ಲೂ ಒಂದು ಬತ್ತಿ ಹಚ್ಚಿ ಬನ್ನಿ” ಎಂದರು. ನನ್ನ ಮದುವೆ ನಿಶ್ಚಯವಾದದ್ದು ಆ ಕಿಟಕಿಯಲ್ಲೇ ಎಂದು ಅಮ್ಮ ಕೊನೆಯವರೆಗೂ ಹೇಳುತ್ತಿದ್ದಳು.

ಹೊಳೆಗಳಿಗೆಲ್ಲ ಆಗ ಸೇತುವೆ ಇರಲಿಲ್ಲ. ಬಸ್ಸಿಳಿದು ಲಾಂಚು, ಲಾಂಚಿಳಿದು ಬಸ್ಸು. ಮಡಗಾಂವಿನಲ್ಲಿ ಇನಾಸಬಾಯಿಯ ನೆಂಟರ ಮನೆಯಲ್ಲಿ ತಂಗಿ, ಮರುದಿನ ಹಳೆಗೋವೆ ಮುಟ್ಟಿದೆವು. ಭಕ್ತಿಯ ಮಾತು ಬಿಡಿ, ನನ್ನ ಗಮನವೆಲ್ಲ ಹೊಸ ಚಪ್ಪಲಿ ಕಚ್ಚಿದ ಹಿಮ್ಮಡಿಯ ಮೇಲಿತ್ತು. ಸರದಿ ಬಯಲಿನಲ್ಲಿ ಹಾವಿನಂತೆ ಸುತ್ತಿತ್ತು. ಇನಾಸಬಾಯಿ ಜಪಸರ ಎಣಿಸುತ್ತ ಒಮ್ಮೆಯೂ ಕೂರಲಿಲ್ಲ.

ಇಗರ್ಜಿಯ ಒಳಗೆ ಗಾಜಿನ ಪೆಟ್ಟಿಗೆ ಹತ್ತಿರವಾದಂತೆ ನಾನು ಅಮ್ಮನ ಹಿಂದೆ ಸರಿದೆ. ಇಷ್ಟು ವರ್ಷ ನುಂಗಿಕೊಂಡ ಪ್ರಶ್ನೆಯನ್ನು ಈ ಹೆಂಗಸು ಈಗ ಕೇಳಿಯೇ ಕೇಳುತ್ತಾಳೆ, ನನ್ನೆದುರಿಗೇ. ನಮ್ಮ ಸರದಿ ಬಂತು. ಇನಾಸಬಾಯಿ ನನ್ನ ಹೆಗಲು ಹಿಡಿದು ಮುಂದೆ ನಿಲ್ಲಿಸಿದರು.

“ಸಾಯ್ಬಾ, ಹೆಂಚ್ ತೆಂ ಚೆಡುಂ. ದೇವ್ ಬರೆಂ ಕರುಂ.”

ಇದೇ ಆ ಹುಡುಗಿ, ದೇವರು ನಿನಗೆ ಒಳ್ಳೆಯದು ಮಾಡಲಿ. ಕೊಂಕಣಿಯಲ್ಲಿ ಉಪಕಾರ ಹೇಳುವ ಮಾತು ಅದು. ಬೇಡಲು ಬಂದವರ ನಡುವೆ ಸಂತನಿಗೇ ಒಳ್ಳೆಯದನ್ನು ಹಾರೈಸಿದರು ಇನಾಸಬಾಯಿ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹೊರಗೆ ಮರದ ನೆರಳಲ್ಲಿ ಅವಲಕ್ಕಿ ಬಿಚ್ಚಿದಾಗ ನಾನು ಕೇಳಿಯೇಬಿಟ್ಟೆ. “ನನ್ನ ನೋಡಿದ್ರೆ ನಿಮಗೆ ಬೇಜಾರಾಗೂದಿಲ್ವಾ, ಬಾಯೀ?”

ಇನಾಸಬಾಯಿ ಅವಲಕ್ಕಿಯನ್ನು ನನ್ನತ್ತ ಸರಿಸಿದರು. “ಎರಡು ಕೇಳಿದ್ದೆ ತಂಗಿ, ಒಂದು ಕೊಟ್ಟ. ಕೊಡದ್ದಕ್ಕೆ ಅವನ ಹತ್ರ ಜಗಳ ಮಾಡಿ ಮಾಡಿ ಸಾಕಾತು. ಕೊಟ್ಟದ್ದಕ್ಕೆ ಹೇಳೂದು ಉಳಿದಿತ್ತು.” ಮತ್ತೆ ನನ್ನ ತಲೆ ಸವರಿ, “ನಿನ್ನ ನೋಡಿಯೇ ಲಿಲ್ಲಿ ಈಗ ಎಷ್ಟೆತ್ತರ ಆಗ್ತಿದ್ಲು ಅಂತ ನಂಗೆ ಗೊತ್ತಾಗೂದು. ನೀನು ಬಾವಿ ಸುತ್ತಿ ಹೋದ್ರೆ ಹ್ಯಾಂಗೆ?” ಎಂದರು.

ಎಲ್ಲ ಗೊತ್ತಿತ್ತು ಅವರಿಗೆ! ಊರಿಗೆ ಬಂದ ಮೇಲೆ ಮದುವೆಯ ತನಕ ದಿನಕ್ಕೆರಡು ಸಲ ಆ ಜಗಲಿ ಹತ್ತಿ ಇಳಿದೆ. ಮದುವೆಯ ರವಿಕೆಗಳನ್ನು ಹೊಲಿದವರೂ ಅವರೇ. ಅಳತೆಗೆ ಅವರಿಗೆ ಬೇಕಾದಷ್ಟು ಹೊತ್ತು ನಿಂತೆ.

ರೀಟಾ ಇದನ್ನೆಲ್ಲ ಕೇಳಿ, “ಅಷ್ಟು ದೂರ ಹೋಗಿ ನೀವೆಂತ ಬೇಡಿಕೊಂಡ್ರಿ ಅಜ್ಜಿ?” ಎಂದಳು. ಏನೂ ಇಲ್ಲ ಮಗಾ, ನನ್ನನ್ನೇ ಬೇಡಿಕೊಂಡವರು ಪಕ್ಕದಲ್ಲಿ ನಿಂತಿದ್ದರಲ್ಲ, ಎಂದೆ. ಹೇಳಿದ ಮೇಲೆ ಹೊಳೆಯಿತು, ಇನಾಸಬಾಯಿಗೆ ನಾನು ಒಂದು ದಿನವೂ ಬಾಯಿಬಿಟ್ಟು ಉಪಕಾರ ಹೇಳಿದವಳಲ್ಲ. ತಾಯಿ ಮಗಳು ಈಗ ನಮ್ಮೂರ ಇಗರ್ಜಿಯ ಹಿತ್ತಿಲಲ್ಲಿ ಅಕ್ಕಪಕ್ಕ ಮಲಗಿದ್ದಾರೆ. ಮೊಳಕಾಲು ಒಪ್ಪುವುದಿಲ್ಲ, ಆದರೂ ಈ ಭಾನುವಾರ ರೀಟಾಳ ಕೈ ಹಿಡಿದು ಅಲ್ಲಿಗೆ ಹೋಗುತ್ತೇನೆ.